ತಿಮ್ಮವ್ವ ಗುರುತು ಹಿಡಿದ ಹದಿನೈದು ಕಲ್ಲು

ಕೋಳಿ ಕೂಗಿದೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೌಡ ಭಗವಂತರಾಯನ ಪಡಸಾಲೆಯಲ್ಲಿ ತಿಮ್ಮವ್ವ ಬೀಸುಕಲ್ಲಿನ ಮೇಲಿನ ಕಲ್ಲನ್ನು ಬೋರಲು ಹಾಕಿಕೊಂಡು ಕೂತಿದ್ದಾಳೆ. ಹಿಟ್ಟಿನಲ್ಲಿ ನುಚ್ಚು ಬರುತ್ತಿದೆ, ಸವೆದ ಕಲ್ಲಿಗೆ ಉಳಿಯಿಂದ ಹೊಸ ಕಚ್ಚು ಹಾಕಿಕೊಡು ಎಂದು ಮನೆಯವರೇ ಕರೆಸಿದ್ದಾರೆ. ಉಳಿ ಎತ್ತಿದವಳು ಕಲ್ಲಿನ ಮೇಲೊಮ್ಮೆ ಅಂಗೈ ಆಡಿಸುತ್ತಾಳೆ, ಉಳಿಯನ್ನು ಚೀಲಕ್ಕೆ ಹಾಕಿ ಎದ್ದು ನಿಲ್ಲುತ್ತಾಳೆ.

"ಇದರ ತಳಗಲ್ಲು ಇಲ್ಲಿಲ್ರಿ ಗೌಡ್ರ. ಮಸೂತಿ ಓಣ್ಯಾಗ ಐತಿ."

ಕೆಂಭಾವಿ ಸೀಮೆಯ ಈ ಊರಿನ ಹೆಸರು ಬರೆಯಬೇಡಿ ಎಂದು ಆಕೆ, ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಮೊದಲೇ ಕೇಳಿಕೊಂಡಿದ್ದಾಳೆ. ಮೂವತ್ತು ವರ್ಷದಿಂದ ಇಲ್ಲಿಯ ಬೀಸುಕಲ್ಲುಗಳಿಗೆಲ್ಲ ಕಚ್ಚು ಹಾಕುವವಳು ಆಕೆಯೇ. ಕಲ್ಲಿಗೊಂದು ಸೇರು ಜೋಳ ಕೂಲಿ. ಯಾವ ಕಲ್ಲು ಯಾರ ಮನೆಯದೆಂದು ಕಣ್ಣು ಮುಚ್ಚಿ ಹೇಳುತ್ತಾಳೆ.

ಆಕೆಯ ಗಂಡ ಮರಿಲಿಂಗಪ್ಪನನ್ನು ನಲವತ್ತೆಂಟರ ಶ್ರಾವಣದಲ್ಲಿ ನಿಜಾಮನ ಪರ ನಿಂತ ರಜಾಕಾರರು ಹೊಲದಲ್ಲೇ ಹೊಡೆದು ಕೊಂದರು. ಭಾದ್ರಪದದಲ್ಲಿ ಭಾರತದ ದಂಡು ಬಂದು ರಜಾಕಾರರು ಓಡಿಹೋದ ಮೇಲೆ ಊರಿನ ಸಿಟ್ಟು ಮಸೂತಿ ಓಣಿಯ ಹದಿನೈದು ಮನೆಗಳ ಮೇಲೆ ತಿರುಗಿತು. ಓಣಿಯವರು ಜೀವ ಉಳಿಸಿಕೊಂಡು ಹೋದರೆ, ಊರವರು ಕೈಗೆ ಸಿಕ್ಕಿದ್ದನ್ನು ಹೊತ್ತು ತಂದರು. ನೆಲದಲ್ಲಿ ಹೂತ ತಳಗಲ್ಲು ಕೀಳಲಾಗದೆ ಮೇಲಿನ ಕಲ್ಲನ್ನಷ್ಟೇ ಎತ್ತಿಕೊಂಡರು.

ಯಾರು ಮಾಡಿದ್ದು ಎಂದು ಕೇಳಿದರೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ, ಮಂದಿ ಮಾಡಿದರು. ತಿಮ್ಮವ್ವ ಮಾತ್ರ ಹಾಗೆ ನುಣುಚಿಕೊಳ್ಳುವುದಿಲ್ಲ.

"ಮಂದಿ ಅಂದ್ರ ಯಾರ್ರಿ? ಅದರಾಗ ನಾನೂ ಇದ್ದೆ. ಮಸ್ತಾನಬಿ ಮನಿ ಕಲ್ಲು ನಾನೇ ಹೊತ್ಕೊಂಡು ಬಂದೀನಿ. ಮರುದಿನ ಬೀಸಾಕ ಕುಂತ್ರ ನನ್ನ ಉಳಿ ಗುರುತು ಕೈಗೆ ಹತ್ತಿತು. ಅಕಿ ಮದಿವ್ಯಾಗ ನಾನೇ ಕಚ್ಚು ಹಾಕಿಕೊಟ್ಟ ಕಲ್ಲದು."

ಚಳಿಗಾಲಕ್ಕೆ ಓಣಿಯವರು ಮರಳಿದಾಗ ಬೀಸಲು ಕಲ್ಲಿಲ್ಲದೆ ಇಡೀ ಜೋಳ ಬೇಯಿಸಿ ತಿನ್ನುತ್ತಿದ್ದರು. ತಿಮ್ಮವ್ವ ಹಾಡುಹಗಲೇ ಕಲ್ಲು ಹೊತ್ತು ಮಸ್ತಾನಬಿಯ ಬಾಗಿಲಿಗೆ ಹೋದಳು. ಮಸ್ತಾನಬಿ ಬೈಯಲಿಲ್ಲ. ನಿನ್ನ ಗಂಡನನ್ನು ಕೊಂದವರಲ್ಲಿ ನನ್ನ ಮೈದುನನೂ ಇದ್ದ, ನಿನ್ನ ಮುಖ ನೋಡಲು ಅಂಜಿ ಅವತ್ತು ಬಾಗಿಲು ಹಾಕಿಕೊಂಡು ಕೂತಿದ್ದೆ ಎಂದು ಅತ್ತಳು. ಆಮೇಲೆ ಇಬ್ಬರೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು ಬೀಸಿದರು.

ಅಲ್ಲಿಂದೀಚೆಗೆ ಮನೆಮನೆ ಹೊಕ್ಕು ಆಕೆ, ಮಸ್ತಾನಬಿಯದೂ ಸೇರಿ ಹದಿನಾಲ್ಕು ಕಲ್ಲು ಮರಳಿಸಿದ್ದಾಳೆ. ಅದಕ್ಕೇ ಸಿಟ್ಟಾಗಿ ಅರ್ಧ ಊರು ಆಕೆಯನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿದೆ. ಎಷ್ಟೋ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಉಳಿದದ್ದು ಮುದುಕಿ ಅನ್ವರಬಿಯ ಕಲ್ಲು, ಅದೇ ಈಗ ಗೌಡನ ಪಡಸಾಲೆಯಲ್ಲಿರುವುದು.

ನನ್ನ ಬಣವೆ ಸುಟ್ಟವರು ಅವರ ಜನವೇ ಅಲ್ಲವೇ ಎಂದು ಗೌಡ ಗದರುತ್ತಾನೆ.

"ನಿಮ್ಮ ಬಣವಿ ಸುಟ್ರು, ನನ್ನ ಗಂಡನ್ನ ಕೊಂದ್ರು. ಅನ್ವರಬಿ ಏನ್ ಮಾಡ್ಯಾಳ್ರಿ?"

ಕತ್ತಲಾದ ಮೇಲೆ ಆಳಿನ ಕೈಲಿ ಕಳಿಸುತ್ತೇನೆ ಎನ್ನುತ್ತಾನೆ ಗೌಡ. ತಿಮ್ಮವ್ವ ಒಪ್ಪುವುದಿಲ್ಲ. "ಹಗಲೇ ತಂದೀರಿ, ಹಗಲೇ ಕೊಡ್ರಿ. ನಾನೂ ಸಂಗಾಟ ಬರ್ತೀನಿ."

ಬಿಸಿಲೇರಿದ ಮೇಲೆ ಗೌಡ ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ನಡೆಯುತ್ತಾನೆ, ಮುಂದೆ ತಿಮ್ಮವ್ವ. ಅನ್ವರಬಿಯ ಮನೆಯಲ್ಲಿ ಕಚ್ಚು ಹಾಕಿ, ಕಲ್ಲನ್ನು ಅದರ ತಳಗಲ್ಲಿಗೆ ಕೂಡಿಸಿ, ಮುದುಕಿ ಕೊಡಬಂದ ಜೋಳವನ್ನು ತಿಮ್ಮವ್ವ ಕೈಯಿಂದ ಸರಿಸುತ್ತಾಳೆ. ಕೂಲಿಯೂ ಬೇಡವೆಂದರೆ ನಿನಗೇನು ಬೇಕವ್ವ ಎಂದು ನಾನು ಕೇಳುತ್ತೇನೆ.

"ಗಂಡ ಸತ್ತ ಸಿಟ್ಟಿನ್ಯಾಗ ಕದ್ದಿದ್ದೆನ್ರಿ. ನಾಳಿ ಮುಂಜಾನೆ ಓಣಿ ತುದಿಗೆ ನಿಂದರ್ತೀನಿ. ಹದಿನೈದೂ ಮನ್ಯಾಗ ಬೀಸೋ ಸಪ್ಪಳ ಕೇಳಬೇಕು. ಆಮ್ಯಾಲ ಅಂವ ಕನಸಿನಾಗ ಬಂದ್ರ ಮಾರಿ ತೋರಸ್ತೀನಿ."