ಭಾವ ಹೇಳಿದ ಚೆಂಡೋಲ್

ಕಾಯಿಲೆಯವರನ್ನು ನೋಡಲು ಹೋಗುವಾಗ ನೀವು ಏನು ಒಯ್ಯುತ್ತೀರಿ? ಬೆಂಗಳೂರಿನವರು ಆಪಲ್ ಒಯ್ಯಬಹುದು, ಬೊಕೆಯನ್ನೂ ಒಯ್ಯಬಹುದು. ಅರಸೀಕೆರೆ ಸೀಮೆಯವರಾದ ನಮಗೆ ಯೋಚನೆಯೇ ಬೇಡ. ಎಳನೀರು. ಜ್ವರವೋ, ಬಾಣಂತನವೋ, ಕಾಲು ಮುರಿದಿದೆಯೋ, ಎಲ್ಲಕ್ಕೂ ಎಳನೀರು.

ನಾನೂ ಕಣಕಟ್ಟೆಯ ನಮ್ಮ ತೋಟದಿಂದ ಒಂದು ಗೊನೆ ಇಳಿಸಿಕೊಂಡು ಹಳೇಬೀಡಿನ ಬಸ್ ಹತ್ತಿದೆ. ಜಯಕ್ಕನ ಗಂಡ, ನಮ್ಮ ರಂಗಸ್ವಾಮಿ ಭಾವನಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾಗಿತ್ತು. ಕಂಡಕ್ಟರ್ ಗೊನೆಗೆ ಲಗೇಜ್ ಟಿಕೆಟ್ ಹರಿದ. (ಜಗಳವಾಡಿದೆ, ಸೋತೆ.)

ಜಯಕ್ಕ ಬಾಗಿಲಲ್ಲೇ ಗೊನೆ ನೋಡಿ ಮುಖ ಸಣ್ಣದು ಮಾಡಿದಳು.

"ನೀನೂ ತಂದ್ಯೇನೇ? ಅದು ಅವರ್ಗೆ ವಿಷ ಕಣೇ. ಎಳನೀರಲ್ಲಿ ಪೊಟ್ಯಾಶಿಯಂ ಐತಂತೆ, ಹಾರ್ಟೇ ನಿಂತೋಗ್ತದಂತೆ. ಡಾಕ್ಟ್ರು ಒಂದು ಗುಟುಕೂ ಬೇಡ ಅಂದವ್ರೆ."

ಜಗಲಿಯ ಮೂಲೆಯಲ್ಲಿ ಆಗಲೇ ಎಳನೀರಿನ ರಾಶಿ. ನೋಡಲು ಬಂದ ನೆಂಟರೆಲ್ಲ ಹೊತ್ತು ತಂದದ್ದು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅಕ್ಕ ಸುಮ್ಮನೆ ಇಳಿಸಿಕೊಳ್ಳುತ್ತಿದ್ದಳು. ಭಾವನಿಗೆ ನೀರೂ ಅಳತೆಯಲ್ಲೇ. ಬೆಳಿಗ್ಗೆ ಒಂದು ಸಣ್ಣ ಬಾಟಲಿ ತುಂಬಿಟ್ಟರೆ ಮರುದಿನದವರೆಗೆ ಅಷ್ಟೇ. ಕಾಫಿ, ಸಾರು, ಮಜ್ಜಿಗೆ ಕುಡಿದರೆ ಅದೂ ಆ ಲೆಕ್ಕಕ್ಕೇ ಸೇರುತ್ತಿತ್ತು.

ಇಂಥ ಮನುಷ್ಯ ಏನು ಮಾಡಬೇಕು ಹೇಳಿ? ಭಾವ ಕುಡಿಯುವುದರ ಬಗ್ಗೆ ಮಾತಾಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಬಟ್ಟೆ ಮಿಲ್ಲಿನ ಫಿಟರ್ ಆಗಿದ್ದವರು. ಮಿಲ್ಲು ಮರೆತಿದ್ದರು, ಮೆಷಿನ್ನು ಮರೆತಿದ್ದರು. ಕುಡಿದದ್ದೆಲ್ಲ ನೆನಪಿತ್ತು.

"ಅಲ್ಲಿ ಕಾಫಿ ಸೋಸಲ್ಲ ಕಣಮ್ಮ. ಲೋಟಕ್ಕೆ ಪುಡಿ, ಸಕ್ಕರೆ, ಮೇಲೆ ಕುದಿಯೋ ನೀರು. ಪುಡಿ ತಳಕ್ಕೆ ಕೂರೋಗಂಟ ಕಾಯ್ಬೇಕು. ಕೋಪಿ ತುಬ್ರುಕ್ ಅಂತಾರೆ."

(ನಮ್ಮ ಮಲಬಾರಿನಿಂದಲೇ ಡಚ್ಚರು ಕಾಫಿ ಗಿಡವನ್ನು ಜಾವಾಕ್ಕೆ ಸಾಗಿಸಿದರಂತೆ. ಬೇಲೂರಿನ ಕಾಫಿಗೂ ಅದಕ್ಕೂ ದೂರದ ನೆಂಟಸ್ತಿಕೆ ಇದ್ದೀತು.)

ಚಳಿಗೆ ಶುಂಠಿ, ಬೆಲ್ಲ ಕುದಿಸಿದ ಬಾಂದ್ರೆಕ್. ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬೀದಿಬೀದಿ ಮಾರುವ ಅರಿಶಿನ, ಹುಣಸೆಯ ಜಾಮು. "ನಮ್ಮಜ್ಜೀರು ಬೈದು ಕುಡಿಸ್ತಿದ್ದ ಕಷಾಯಾನೇ. ಅಲ್ಲಿ ಕಾಸು ಕೊಟ್ಟು ಕುಡೀತಾರೆ" ಎಂದು ನಕ್ಕರು. ಆಮೇಲೆ ಚೆಂಡೋಲ್.

"ಅದು ನಮ್ಮ ಶಾವಿಗೆ, ಕಾಯಿಹಾಲೇ ಕಣಮ್ಮ. ಅಕ್ಕಿಹಿಟ್ಟಿನ ಹಸಿರು ಶಾವಿಗೆ ತುಂಡು, ಕಾಯಿಹಾಲು, ತಾಳೆಬೆಲ್ಲದ ಪಾಕ. ಮೇಲೆ ಐಸು. ಲೋಟ ಹೊರಗ್ಲಿಂದ ಬೆವರ್ತಾ ಇರ್ತದೆ ನೋಡು..." ಒಣಗಿದ ತುಟಿ ಸವರಿಕೊಂಡರು.

"ಇನ್ನೊಂದ್ಸಲ ಕುಡಿಯೋ ಸುದ್ದಿ ಎತ್ತಿದ್ರೆ ನಾನು ಎದ್ದೋಯ್ತೀನಿ" ಎಂದು ಅಕ್ಕ ರೇಗಿದಳು. ಎದ್ದು ಹೋದಳು ಕೂಡ. ಅವಳದು ಸಿಟ್ಟಲ್ಲ, ಭಯ.

ಅವಳು ಒಳಗೆ ಹೋದದ್ದೇ ಭಾವ ಮೆಲ್ಲಗೆ ಕೇಳಿದರು. "ನೀನೊಂದು ಎಳನೀರು ಕೊಚ್ಕೊಂಡು ನನ್ನೆದ್ರಿಗೆ ಕುಡಿಯಮ್ಮ. ನೋಡ್ತೀನಿ, ಅಷ್ಟೇಯ."

ಕುಡಿದೆ. ನಾನು ನುಂಗಿದಂತೆಲ್ಲ ಅವರ ಗಂಟಲೂ ಏರಿ ಇಳಿಯುತ್ತಿತ್ತು. ಅಷ್ಟು ಸಂಕಟದ ಎಳನೀರನ್ನು ನಾನು ಜನ್ಮದಲ್ಲಿ ಕುಡಿದಿಲ್ಲ.

ಕಳೆದ ವಾರ ಭಾವ ತೀರಿಕೊಂಡರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು ಎಂದರು ಡಾಕ್ಟರು. ಬಾಯಾರಿಕೆಯಲ್ಲೇ ಹೋದ ಮನುಷ್ಯನ ಎದೆಯಲ್ಲಿ ನೀರು! ಇದನ್ನು ಯಾರ ಹತ್ತಿರ ಕೇಳುವುದು?

ಮೂರನೇ ದಿನ ಹಾಲುತುಪ್ಪ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಸಮಾಧಿಗೆ ಎಡೆ ಇಡುವ ದಿನ. ಬೆಳಿಗ್ಗೆ ಜಯಕ್ಕ ನನ್ನನ್ನು ಒಲೆ ಹತ್ತಿರ ಕರೆದಳು.

"ಅದೇನೋ ಹೆಸ್ರು ಹೇಳೋರಲ್ಲ, ಕಾಯಿಹಾಲಿಂದು. ಹೆಂಗ್ ಮಾಡೋದೇ ಅದನ್ನ? ನಾನು ಒಂದಿನಾನೂ ಪೂರ್ತಿ ಕೇಳಿಸ್ಕಳ್ಲಿಲ್ಲ."

ನಾನು ಹೇಳಿದೆ, ಅವಳು ಮಾಡಿದಳು. ತಾಳೆಬೆಲ್ಲ ಎಲ್ಲಿ ಸಿಗಬೇಕು? ಅಚ್ಚುಬೆಲ್ಲ ಹಾಕಿದೆವು. ಹಸಿರು ಬಣ್ಣವೂ ಬರಲಿಲ್ಲ. ಬೇಕರಿಯಿಂದ ಐಸ್ ತರಿಸಿ ದೊಡ್ಡ ಲೋಟದ ಕಂಠಮಟ್ಟ ತುಂಬಿದಳು. ಅಳೆಯಲಿಲ್ಲ.

ಸಮಾಧಿಯ ಹತ್ತಿರ ನೆಂಟರು ಎಳನೀರು ಕೊಚ್ಚಿ ಕೊಚ್ಚಿ ಸುರಿದರು. ಹಾಲು ಸುರಿದರು. ಯಾರೋ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ಅಕ್ಕ ಕೊನೆಯಲ್ಲಿ ಲೋಟ ಬೋರಲು ಮಾಡಿ, ಐಸು ಕರಗುವ ತನಕ ಅಲ್ಲೇ ಕೂತಳು.

ಮಣ್ಣು ಒಂದು ಹನಿಯನ್ನೂ ಬಿಡದೆ ಕುಡಿಯಿತು. ಬಾಯಾರಿದ್ದದ್ದು ಮಣ್ಣಿಗೇನ್ರೀ?