ಅಪ್ಪ ಹೇಳಿದ ಕಂಪ್ಯೂಟರ್ ಕೋರ್ಸು

ಆ ಬೇಸಿಗೆಯಲ್ಲಿ ನಾನು ಇಂಗ್ಲೆಂಡಿಗೆ ಹೋದದ್ದು ನಾಟಕ ಕಲಿಯುವುದಕ್ಕೆ. ಆದರೆ ನಮ್ಮ ಕೆರಗೋಡಿನಲ್ಲಿ ಯಾರನ್ನು ಕೇಳಿದ್ದರೂ ಕಂಪ್ಯೂಟರ್ ಕೋರ್ಸಿಗೆ ಅನ್ನುತ್ತಿದ್ದರು. ಹಾಗಂತ ಊರಿಗೆಲ್ಲ ಹೇಳಿಟ್ಟವರು ನಮ್ಮಪ್ಪ.

ಅಪ್ಪನಿಗೆ ನಾಟಕ ಕಂಡರೆ ಆಗದು ಅಂತೇನಲ್ಲ. ವರ್ಷಕ್ಕೊಂದು ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಮಾಡದಿದ್ದರೆ ಅವರಿಗೆ ತಿಂದ ಮುದ್ದೆ ಮೈಗೆ ಹತ್ತುತ್ತಿರಲಿಲ್ಲ. ಗದ್ದೆಗೆ ನೀರು ಕಟ್ಟುವಾಗಲೂ ಕಂದಪದ್ಯ. ಪ್ರಾಕ್ಟೀಸು ನಮ್ಮ ಜಗಲಿಯಲ್ಲೇ ನಡೆಯುತ್ತಿತ್ತು. ಬಾಗಿಲ ಹಿಂದೆ ನಿಂತು ರಾಣಿಯರ ಹಾಡುಗಳನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ. ರಾಣಿಯಾಗಲು ಮಾತ್ರ ಮಂಡ್ಯದಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. "ನಮ್ಮಟ್ಟಿ ಎಣ್ಮಕ್ಳು ಸ್ಟೇಜು ಅತ್ತಾಕಿಲ್ಲ ಕಣವ್ವ," ಅಂದಿದ್ದರು ಅಪ್ಪ. ಅದೆಂಥ ನ್ಯಾಯವೋ, ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಮಳವಳ್ಳಿಯ ಶಾಲೆಯೊಂದರಲ್ಲಿ ಟೀಚರ್ ಆದಮೇಲೆ ಮಂಡ್ಯದ ಹವ್ಯಾಸಿ ನಾಟಕ ತಂಡವೊಂದಕ್ಕೆ ಕದ್ದುಮುಚ್ಚಿ ಸೇರಿಕೊಂಡೆ. ಆ ತಂಡದ ಮೂಲಕವೇ ಇಂಗ್ಲೆಂಡಿನ ಸ್ಕಾಲರ್‌ಶಿಪ್ಪು ಸಿಕ್ಕಿತು. ಅಪ್ಪ ತಡೆಯಲಿಲ್ಲ, ಹರಸಲೂ ಇಲ್ಲ. ಊರಿಗೊಂದು ಸುಳ್ಳು ಹೇಳಿ ಸುಮ್ಮನಾದರು. ನನ್ನ ಮಗಳು ನಾಟಕದವಳು ಅಂತ ಅವರು ಒಂದೇ ಒಂದು ಸಲ ನಾಲ್ಕು ಜನರೆದುರು ಹೇಳಲಿ ಅನ್ನುವ ಆಸೆ ಹೊತ್ತುಕೊಂಡೇ ವಿಮಾನ ಹತ್ತಿದೆ.

ಅಲ್ಲಿನ ಮೇಡಂ ಮೊದಲ ದಿನವೇ ನನ್ನ ಪಾರ್ಟು ನೋಡಿ ಕೇಳಿದರು, ಯಾರನ್ನು ನೋಡಿಕೊಂಡು ಮಾತಾಡುತ್ತಿದ್ದೀಯ ಅಂತ. ಜನರನ್ನು ಅಂದೆ. ಜನ ಇಲ್ಲ ಅಂದುಕೋ ಅಂದರು. ಜನ ಇಲ್ಲ ಅಂದುಕೊಂಡು ಆಡುವುದಾದರೆ ಬಣ್ಣ ಯಾಕೆ ಹಚ್ಚಬೇಕು? ಆದರೂ ಕಲಿತೆ. ಮರದ ನೆಲದ ಮೇಲೆ ಬರಿಗಾಲಲ್ಲಿ ಉರುಳಾಡಿದ್ದು, ಊಟವಾದರೂ ಮುಗಿಯದ ಅಲ್ಲಿನ ಸಂಜೆ, ಎಲ್ಲವೂ ಈಗ ನಾನಿರುವ ಮದ್ದೂರಿನ ಮನೆಯಲ್ಲಿ ಬೇಗ ಕತ್ತಲಾದಾಗ ನೆನಪಾಗುತ್ತದೆ.

ಕೊನೆಯ ದಿನ ಒಬ್ಬೊಬ್ಬರೂ ತಮ್ಮ ಊರಿನದೊಂದು ತುಣುಕು ಆಡಬೇಕಿತ್ತು. ಯುದ್ಧದಲ್ಲಿ ಗಂಡ ಸತ್ತ ಸುದ್ದಿ ಕೇಳಿ, ಹಾಡುತ್ತಲೇ ಪ್ರಾಣ ಬಿಡುವ ರಾಣಿಯನ್ನು ಆರಿಸಿಕೊಂಡೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮುಂದಿನ ಕುರ್ಚಿಯ ಮೇಲೆ ಒರಗಿಸಿಟ್ಟೆ. "ನಾನೊಬ್ಳೇ ನೋಡ್ತೀನಿ ಬುಡು, ನಿಮ್ಮಪ್ಪ ಪ್ರಾಕ್ಟೀಸ್‌ನಲ್ಲವ್ರೆ," ಅಂದಳು.

ಹಾಡಿದೆ, ಬಿದ್ದೆ, ಸತ್ತೆ. ಆಗ ಫೋನಿನೊಳಗಿಂದ ರಾಜನ ಗಂಟಲೊಂದು ಕೂಗಿತು.

"ಒನ್ಸ್ ಮೋರ್!"

ಅಪ್ಪ. ನಮ್ಮ ಕಡೆ ಜನ ಹಾಗೆ ಕೂಗಿದರೆ ಸತ್ತವರೂ ಎದ್ದು, ಇನ್ನೊಂದು ಸಲ ಹಾಡಿ, ಮತ್ತೆ ಸಾಯಬೇಕು. ಕಲಿತದ್ದೆಲ್ಲ ಮರೆತು ಸೀರೆ ಕೊಡವಿಕೊಂಡು ಎದ್ದೆ. ಮೇಡಂ ಬಾಯಿ ತೆರೆದು ನೋಡುತ್ತಿದ್ದರು. ಫೋನಿನತ್ತ ಬಗ್ಗಿದೆ. ಪರದೆಯ ತುಂಬ ತಲೆಗಳು, ಜಗಲಿಯಲ್ಲಿ ಪ್ರಾಕ್ಟೀಸಿಗೆ ಬಂದಿದ್ದ ಅಷ್ಟೂ ಜನ.

"ಕಂಪ್ಯೂಟ್ರು ಕಲಿಯಾಕೆ ಓಗವ್ಳೆ ಅಂದಿದ್ಯಲ್ಲಲಾ," ಅಂದ ಅವರಲ್ಲೊಬ್ಬ.

"ಸುಮ್ಕಿರ್ಲಾ," ಅಂದರು ಅಪ್ಪ. "ನನ್ ಮಗಳು ಪಾರ್ಟು ಮಾಡ್ತಾವ್ಳೆ, ನೋಡ್ಲಾ."

ಹಾಡನ್ನು ಮತ್ತೆ ಎತ್ತಿಕೊಂಡೆ. ಕೊನೆಯವರೆಗೂ ಹಾಡಿದೆ. ಸಾಯುವುದಕ್ಕೆ ಮಾತ್ರ ಆ ಸಲ ನನ್ನಿಂದ ಆಗಲಿಲ್ಲ.