ಗಟಾರವಿಲ್ಲದ ಮಲಪ್ರಭೆ

ಇವತ್ತು ಬೆಳಿಗ್ಗೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಗಟಾರದ ಹಾಸುಗಲ್ಲು ಎತ್ತಿದ್ದರು. ಬೆಲ್ಲ, ಮೆಣಸಿನಕಾಯಿ ಕೊಳ್ಳಲು ಬಂದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಆ ವಾಸನೆಯಿಂದ ನನ್ನ ಏಕೈಕ ಬಹುಮಾನದ ನೆನಪಾಯಿತು. ನಗಬೇಡಿ, ಕಾರಣವಿದೆ.

ನಾನು ಆರು ದಿನ ಕಾರಕೂನ, ರಜೆಯ ದಿನ ಕಲಾವಿದ. ಕೆಲವು ವರ್ಷಗಳ ಹಿಂದೆ ಖಾನಾಪುರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ನದಿ ಉಳಿಸಲೆಂದು ಒಂದು ಚಿತ್ರ ಶಿಬಿರ ನಡೆಯಿತು. ಬೆಳಗಾವಿಯಿಂದ ಹನ್ನೆರಡು ಜನ ರೈಲು ಹತ್ತಿದೆವು. ದೇಸೂರ ದಾಟುವಷ್ಟರಲ್ಲಿ ಬುತ್ತಿಯ ಅವಲಕ್ಕಿ ಖಾಲಿಯಾಗಿತ್ತು. ನದಿಯ ಬಗೆಗಿನ ಕಾಳಜಿ ಖಾನಾಪುರದವರೆಗೂ ಸಾಲುವಷ್ಟಿತ್ತು.

ನಾನು ನೆರಳು ನೋಡಿ ಕುಳಿತೆ. ಬಲಗಡೆ ಓಣಿಯ ಗಟಾರ ಬಂದು ಹೊಳೆಗೆ ಸೇರುತ್ತಿತ್ತು. ಅದರ ಕೆಳಗೆ, ಹೊಳೆ ಹರಿಯುವ ಕಡೆ, ಹೆಂಗಸರು ಮರಳಿನಲ್ಲಿ ವರತೆ ತೋಡಿ, ಒಸರಿದ ನೀರನ್ನು ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು. ಗಟಾರದ ಜಾಗದಲ್ಲಿ ನಾನು ಹೂಬಿಟ್ಟ ಕಣಗಿಲೆ ಗಿಡ ಬರೆದೆ. ನಮ್ಮಲ್ಲಿ ಇದನ್ನು ಸುಳ್ಳು ಎನ್ನುವುದಿಲ್ಲ, ಚಿತ್ರ ಕೂಡಿಸುವುದು ಎನ್ನುತ್ತೇವೆ. ಹನ್ನೆರಡೂ ಚಿತ್ರಗಳಲ್ಲಿ ಗಟಾರವಿರಲಿಲ್ಲ. ನಾವು ಉಳಿಸಹೊರಟ ನದಿಗೆ ಏನೂ ಆಗಿಯೇ ಇರಲಿಲ್ಲ.

ಕೊಡ ಹೊತ್ತಿದ್ದ ಹುಸೇನಬಿ ಎಂಬಾಕೆ ನನ್ನ ಬೆನ್ನ ಹಿಂದೆ ನಿಂತು ನೋಡಿದಳು.

“ಸರ್ರ, ಗಟಾರ ಎಲ್ಲಿ ಐತ್ರಿ?”

“ಚಿತ್ರದಾಗ ಅದು ಚಂದ ಕಾಣಂಗಿಲ್ಲಕ್ಕಾ.”

“ಹೊಳ್ಯಾಗ ಚಂದ ಕಾಣತೈತೇನ್ರಿ?”

ಕಲೆ ತಿಳಿಯದವರ ಜೊತೆ ವಾದವೇಕೆಂದು ಗಿಡಕ್ಕೆ ಇನ್ನೆರಡು ಹೂ ಸೇರಿಸಿದೆ. ಬಹುಮಾನ ಬಂತು. ಚಿತ್ರ ಅಲ್ಲಿಯದೇ ಒಂದು ಸರಕಾರಿ ಕಚೇರಿಯ ಗೋಡೆ ಸೇರಿತು.

ಕಳೆದ ತಿಂಗಳು ಜಮೀನಿನ ಉತಾರಕ್ಕೆಂದು, ಅಂದರೆ ಪಹಣಿಗೆಂದು, ಆ ಕಚೇರಿಗೆ ಹೋದೆ. ಉತಾರ ನೆಪ, ಚಿತ್ರ ನೋಡುವ ಆಸೆ. ಸಾಹೇಬರ ಮುಂದೆ ಹುಸೇನಬಿ ಅರ್ಜಿ ಹಿಡಿದು ನಿಂತಿದ್ದಳು. ಗಟಾರದ ನೀರು ವರತೆಗೆ ಬೆರೆತು ಓಣಿಯ ಮಕ್ಕಳಿಗೆ ವಾಂತಿಭೇದಿ ಹತ್ತಿತ್ತು. ಸಾಹೇಬರು ನನ್ನ ಚಿತ್ರದತ್ತ ಬೆರಳು ಮಾಡಿದರು.

“ಕಲಾವಿದರು ಖುದ್ದ ದಂಡಿ ಮ್ಯಾಲೆ ಕುಂತು ಬರದಾರ. ಇದರಾಗ ಗಟಾರ ಎಲ್ಲೈತಿ, ತೋರಸ್ರಿ.”

ಕಲಾವಿದರು ಎಂದದ್ದಕ್ಕೆ ಮೊದಲು ಹಿಗ್ಗಿದೆ, ಅದನ್ನೂ ಹೇಳಿಬಿಡುತ್ತೇನೆ. ಅಷ್ಟರಲ್ಲಿ ಹುಸೇನಬಿ ತಿರುಗಿ ನನ್ನ ಗುರುತು ಹಿಡಿದಳು. ನಾನು ಅರ್ಜಿ ಇಸಿದುಕೊಂಡು ಸಹಿಗಳ ಕೆಳಗೆ ಬರೆದೆ: ‘ಗಟಾರ ಅಲ್ಲಿತ್ತು. ಕಣ್ಣಾರೆ ಕಂಡಿದ್ದೇನೆ. ನನ್ನ ಚಿತ್ರದಲ್ಲಿ ಬೇಕೆಂದೇ ಬಿಟ್ಟಿದ್ದೇನೆ.’

ಸಾಹೇಬರು ಓದಿ ಕನ್ನಡಕ ತೆಗೆದರು. “ಬರೇ ಗಟಾರ ಬಿಟ್ಟೀರೋ, ಮತ್ತೇನರ ಬಿಟ್ಟೀರ್ರಿ?”

ಉತ್ತರ ಕೊಟ್ಟವಳು ಹುಸೇನಬಿ: “ನಮ್ಮನ್ನೂ ಬಿಟ್ಟಾರ್ರಿ.”

ಅರ್ಜಿ ಇನ್ನೂ ಮೇಜಿನ ಮೇಲೆಯೇ ಇದೆಯಂತೆ. ಈಗ ಪೇಟೆಯಿಂದ ಮನೆಗೆ ಬಂದವನೇ ಹುಸೇನಬಿ ಅವತ್ತು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ರಜೆಯ ದಿನ ಬರುತ್ತೇನೆ, ಗಟಾರದ ಎದುರೇ ಕೂತು ಹೊಸ ಚಿತ್ರ ಬರೆಯುತ್ತೇನೆ, ನೀವೂ ಸ್ವಲ್ಪ ಹೊತ್ತು ಚಿತ್ರಕ್ಕೆ ಕೂರುತ್ತೀರಾ ಎಂದು ಕೇಳಿದೆ.

“ಕುಂದರಾಕ ಪುರಸೊತ್ತಿಲ್ರಿ ಸರ್ರ. ನೀರಿಗೆ ಈಗ ಗಟಾರ ದಾಟಿ ಮ್ಯಾಲಿನ ಕಡಿ ಹೋಗಬೇಕು. ನಡಕೋಂತ ಇರ್ತೇನಿ, ಹಂಗ ಬರೀರಿ.”